ಮುದ್ರಿತ ಚಿತ್ರದೊಳಗೆ ಕಾಣದ ಗುರುತು: ಹುದುಗಿಸುವ ಮತ್ತು ಓದುವ ಕ್ರಮ

ಕಂಪ್ಯೂಟರ್‌ನಲ್ಲಿರುವ ಚಿತ್ರದೊಳಗೆ ಗುಟ್ಟಾದ ವಾಟರ್‌ಮಾರ್ಕ್, ಅಂದರೆ ಕಣ್ಣಿಗೆ ಕಾಣದ ಗುರುತು, ಇಡುವುದು ಕಷ್ಟವಲ್ಲ. ಆದರೆ ಅದು ಕಾಗದಕ್ಕಿಳಿದು, ಸ್ಕ್ಯಾನರ್ ಮೂಲಕ ಮರಳಿ ಬಂದಾಗಲೂ ಓದಲು ಸಿಗಬೇಕಾದರೆ ಮುದ್ರಣವನ್ನು ಮೊದಲಿನಿಂದಲೇ ಗಮನದಲ್ಲಿಟ್ಟುಕೊಳ್ಳಬೇಕು. ಪಿಕ್ಸೆಲ್‌ನ ಬಣ್ಣವನ್ನು ಹೇಳುವ ಸಂಖ್ಯೆಯ ಕೊನೆಯ ಬಿಟ್ಟನ್ನು (0 ಅಥವಾ 1 ಎಂಬ ಅಂಕೆಯನ್ನು) ಬದಲಿಸುವ ವಿಧಾನ ಇಲ್ಲಿ ಕೆಲಸಕ್ಕೆ ಬಾರದು. ಪ್ರಿಂಟರ್ ಬಣ್ಣವನ್ನು ಶಾಯಿಯ ಚುಕ್ಕಿಗಳಾಗಿ ಒಡೆಯುವಾಗಲೇ ಅಷ್ಟು ನವಿರಾದ ವ್ಯತ್ಯಾಸ ಅಳಿಸಿಹೋಗುತ್ತದೆ. ಗುರುತನ್ನು ಚಿತ್ರದ ಮಧ್ಯಮ ಆವರ್ತನಗಳಲ್ಲಿ, ಅಂದರೆ ತೀರಾ ನವಿರೂ ಅಲ್ಲದ ತೀರಾ ದೊಡ್ಡದೂ ಅಲ್ಲದ ಏರಿಳಿತಗಳಲ್ಲಿ, ಹರಡುವ ತಂತ್ರಾಂಶವನ್ನೇ ಆರಿಸಿಕೊಳ್ಳಿ.

ಬಣ್ಣ ತಿದ್ದುವ ಕೆಲಸವನ್ನೆಲ್ಲ ಮುಗಿಸಿ, ಚಿತ್ರವನ್ನು ಮುದ್ರಣದ ಅಳತೆಗೆ ತಂದ ಮೇಲೆಯೇ ಗುರುತು ಹುದುಗಿಸಬೇಕು. 6×4 ಇಂಚಿನ ಪ್ರತಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 1800×1200 ಪಿಕ್ಸೆಲ್ ಬೇಕು. ಹೆಸರು, ವಿಳಾಸಗಳನ್ನೆಲ್ಲ ತುಂಬಲು ಹೋಗದೆ ಒಂದು ಕ್ರಮಸಂಖ್ಯೆಯನ್ನಷ್ಟೇ ಇಟ್ಟು, ವಿವರವನ್ನು ನಿಮ್ಮ ದಾಖಲೆಯಲ್ಲಿ ಬರೆದುಕೊಳ್ಳಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಸ್ಟೆಗಾಸ್ಟ್ಯಾಂಪ್ ವಿಧಾನದಲ್ಲಿಯೂ ಹುದುಗುವ 100 ಬಿಟ್‌ಗಳಲ್ಲಿ ನಮ್ಮ ಮಾಹಿತಿಗೆ ದಕ್ಕುವುದು 56 ಮಾತ್ರ. ಉಳಿದವುಗಳಲ್ಲಿ ಬಹುಪಾಲು ತಪ್ಪು ತಿದ್ದುವ ಸಂಕೇತಕ್ಕೆ, ಅಂದರೆ ಕೆಲವು ಬಿಟ್‌ಗಳು ಕೆಟ್ಟರೂ ಮಾಹಿತಿಯನ್ನು ಸರಿಪಡಿಸಿಕೊಳ್ಳಲು ನೆರವಾಗುವ ಹೆಚ್ಚುವರಿ ಬಿಟ್‌ಗಳಿಗೆ, ಬೇಕಾಗುತ್ತದೆ. ಆ ಸಂಕೇತದ ವಿಷಯದಲ್ಲಿ ಜಿಪುಣತನ ಸಲ್ಲದು.

ಗುರುತಿನ ತೀವ್ರತೆಯನ್ನು ಪರದೆ ನೋಡಿ ನಿರ್ಧರಿಸಬೇಡಿ. ಒಂದೇ ಚಿತ್ರವನ್ನು ಮೂರು ತೀವ್ರತೆಗಳಲ್ಲಿ ಮುದ್ರಿಸಿ, ಹಗಲು ಬೆಳಕಿನಲ್ಲಿ ಕಣ್ಣಿನ ಹತ್ತಿರ ಹಿಡಿದು ನೋಡಿ. ಕಲ್ಲಿನ ಗೋಡೆ, ಮರದ ಎಲೆಗಳಂಥ ಒರಟು ಭಾಗಗಳಲ್ಲಿ ಏನೂ ಕಾಣದಿದ್ದರೂ, ಬರಿದಾದ ಆಕಾಶದಲ್ಲಿ ತೆಳುವಾದ ಕಲೆಗಳು ಮೊದಲು ಮೇಲೇಳುತ್ತವೆ. ಕಲೆ ಕಾಣದೆ, ಓದಲೂ ಸಿಗುವ ಪ್ರತಿಯ ತೀವ್ರತೆಯನ್ನೇ ಉಳಿಸಿಕೊಳ್ಳಿ. ಮುದ್ರಣಕ್ಕೆ ಕಳಿಸುವ ಕಡತ ಪಿಎನ್‌ಜಿ ಅಥವಾ ಟಿಫ್ ಆಗಿರಲಿ.

ಓದುವಾಗ ಹೆಚ್ಚಾಗಿ ಕೈಕೊಡುವುದು ಶಾಯಿಯಲ್ಲ, ಓರೆ. ಮುದ್ರಿತ ಪ್ರತಿಯು ಒಂದೇ ಡಿಗ್ರಿ ವಾಲಿದ್ದರೂ ಅನೇಕ ತಂತ್ರಾಂಶಗಳಿಗೆ ಗುರುತು ಸಿಗುವುದಿಲ್ಲ. ಆದ್ದರಿಂದ 300 ಅಥವಾ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರದ ನಾಲ್ಕು ಮೂಲೆಗಳನ್ನು ಗುರುತಿಸಿ ನೇರಗೊಳಿಸಿ, ಮೂಲದ ಪಿಕ್ಸೆಲ್ ಅಳತೆಗೆ ತಂದ ನಂತರವೇ ಹುದುಗಿಸುವಾಗ ತಂತ್ರಾಂಶಕ್ಕೆ ಕೊಟ್ಟಿದ್ದ ಅದೇ ಕೀಲಿಯಿಂದ (ಗುಪ್ತಪದದಿಂದ) ಓದಿಸಿ. ಮೊಬೈಲ್‌ನಲ್ಲಿ ತೆಗೆಯುವುದಾದರೆ ಹೊಳಪು ಕಾಗದದ ಮೇಲೆ ದೀಪ ಮಿಂಚದಂತೆ ಹಿಡಿಯಿರಿ. ಗುರುತೇ ಇಲ್ಲದ ಒಂದು ಪ್ರತಿಯನ್ನೂ ಓದಿಸಿ ನೋಡುವುದು ಅಗತ್ಯ: ಅದರಲ್ಲಿ ಕೂಡ ಸುಮಾರು ಅರ್ಧದಷ್ಟು ಬಿಟ್‌ಗಳು ನಿಮ್ಮ ಗುರುತಿನ ಬಿಟ್‌ಗಳಿಗೆ ಆಕಸ್ಮಿಕವಾಗಿಯೇ ಹೊಂದುತ್ತವೆ, ಹಾಗಾಗಿ ಅರ್ಧ ಹೊಂದಿಕೆಯನ್ನು ಸಾಕ್ಷ್ಯವೆಂದು ಎಣಿಸುವಂತಿಲ್ಲ.