ಆಯಸ್ಕಾಂತದ ಬಳೆ ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ರಕ್ತದಲ್ಲಿ ಕಬ್ಬಿಣವಿರುವುದರಿಂದ ಆಯಸ್ಕಾಂತದ ಬಳೆ ರಕ್ತಸಂಚಾರವನ್ನು ಚುರುಕುಗೊಳಿಸುತ್ತದೆ ಎಂದು ಮಾರಾಟಗಾರರು ಹೇಳಿದರೆ, ಆ ಕಬ್ಬಿಣ ಯಾವ ರೂಪದಲ್ಲಿದೆ ಎಂಬುದನ್ನು ಮೊದಲು ಗಮನಿಸಬೇಕು. ಅದು ಮೊಳೆಯಂಥ ಲೋಹವಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್‌ನ ಒಂದು ಅಣುವಿನಲ್ಲಿ ನಾಲ್ಕೇ ಕಬ್ಬಿಣದ ಪರಮಾಣುಗಳು ಬಿಡಿಬಿಡಿಯಾಗಿ ಬಂಧಿತವಾಗಿರುತ್ತವೆ. ರಸಾಯನ ವಿಜ್ಞಾನಿಗಳಾದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿ ತೋರಿಸಿಕೊಟ್ಟಂತೆ, ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕಾಂತಕ್ಷೇತ್ರದಿಂದ ಅತ್ಯಲ್ಪವಾಗಿ ವಿಕರ್ಷಿತವಾದರೆ, ಆಮ್ಲಜನಕ ಬಿಟ್ಟುಕೊಟ್ಟದ್ದು ದುರ್ಬಲವಾಗಿ ಆಕರ್ಷಿತವಾಗುತ್ತದೆ.

ಬಳಿಕ ಬಲವನ್ನು ಹೋಲಿಸಿ ನೋಡಿ. ಕಾಂತಕ್ಷೇತ್ರದ ಬಲವನ್ನು ಗಾಸ್ ಅಥವಾ ಟೆಸ್ಲಾ ಎಂಬ ಮಾನಗಳಲ್ಲಿ ಅಳೆಯುತ್ತಾರೆ; ಪೆಟ್ಟಿಗೆಯ ಮೇಲೆ ಗಾಸ್ ಲೆಕ್ಕವಿದ್ದರೆ ಅದನ್ನು 10,000ದಿಂದ ಭಾಗಿಸಿದಾಗ ಟೆಸ್ಲಾ ಸಿಗುತ್ತದೆ. ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಇರುತ್ತದೆ. ಅಷ್ಟು ಪ್ರಬಲ ಕ್ಷೇತ್ರದಲ್ಲಿಯೂ ಹರಿಯುವ ರಕ್ತದಿಂದ ಸಣ್ಣ ವಿದ್ಯುತ್ ವಿಭವ ಹುಟ್ಟಿ ಇಸಿಜಿಯಲ್ಲಿ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ) ಟಿ ಎಂದು ಗುರುತಿಸುವ ಅಲೆ ಎತ್ತರವಾಗಿ ಕಾಣುವುದುಂಟು, ರೋಗಿ ಹೊರಬಂದೊಡನೆ ಅದು ಇಲ್ಲವಾಗುತ್ತದೆ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಸಾಧ್ಯ. ಬಳೆಗೆ ಗುಂಡುಸೂಜಿಯೊಂದನ್ನು ಅಂಟಿಸಿ, ನಡುವೆ ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ, ಸೂಜಿ ಕಳಚಿ ಬೀಳುವ ದಪ್ಪವೇ ದೂರಕ್ಕೆ ತಕ್ಕಂತೆ ಸೆಳೆತ ಎಷ್ಟು ಬೇಗ ಕುಗ್ಗುತ್ತದೆಂದು ತೋರಿಸುತ್ತದೆ. ಪೇಸ್‌ಮೇಕರ್ (ಹೃದಯಬಡಿತ ಕಾಯುವ ಸಾಧನ) ಇರುವವರು ಮಾತ್ರ ಈ ಪ್ರಯೋಗಕ್ಕೆ ಕೈಹಾಕದೆ, ಆಯಸ್ಕಾಂತವನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಬೇಕು.