ಸೂಪರ್ ಬೌಲ್ ಗದ್ದಲ ಬದಿಗಿಟ್ಟು ಆಟ ನೋಡುವುದು ಹೇಗೆ

ಅಮೆರಿಕನ್ ಫುಟ್‌ಬಾಲ್ ಅಂದರೆ ನನಗೆ ಪ್ರಾಣ. ಅದಕ್ಕೇ ಸೂಪರ್ ಬೌಲ್, ಅಂದರೆ ಅದರ ವರ್ಷದ ಫೈನಲ್, ಹತ್ತಿರ ಬಂದರೆ ಸಿಟ್ಟು ಬರುತ್ತದೆ. ಆಟ 60 ನಿಮಿಷದ್ದು, ಅದರ ಸುತ್ತ ಅಬ್ಬರ ಎರಡು ವಾರದ್ದು. ನಿಮಗೂ ಆಟವೇ ಮುಖ್ಯ ಅಂತಿದ್ದರೆ ಹೀಗೆ ಮಾಡಿ ನೋಡಿ.

ಮೊದಲು ಆ ಎರಡು ವಾರ ಟಿವಿ ಚರ್ಚೆ ಬಿಟ್ಟುಬಿಡಿ. ತುಂಬಬೇಕಾದ ಸಮಯ ಜಾಸ್ತಿ, ಹೇಳುವ ವಿಷಯ ಕಡಿಮೆ. 2015ರಲ್ಲಿ ಏನಾಯ್ತು? ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದವರು ಹಿಡಿಯಲು ಸುಲಭವಾಗಲಿ ಅಂತ ಚೆಂಡಿನ ಗಾಳಿ ಕಡಿಮೆ ಮಾಡಿದರಾ ಇಲ್ವಾ ಅಂತ ದಿನಾ ಅದೇ ಮಾತು. ಕೊನೆಗೆ ಫೈನಲ್‌ನಲ್ಲಿ ಪಂದ್ಯ ಉಳಿಸಿದ್ದು ಅದೇ ತಂಡದ ಮಾಲ್ಕಮ್ ಬಟ್ಲರ್. ಮೊದಲ ವರ್ಷದ ಹುಡುಗ, ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಬಿಟ್ಟಿದ್ದವನು. ಸಿಯಾಟಲ್ ಸೀಹಾಕ್ಸ್ 24-28ರಲ್ಲಿ ಹಿಂದಿತ್ತು, ದಾಟಿದರೆ ಅಂಕ ಸಿಗುವ ಗೆರೆಗೆ ಒಂದೇ ಯಾರ್ಡ್ ಬಾಕಿ, ಅರ್ಧ ನಿಮಿಷವೂ ಉಳಿದಿರಲಿಲ್ಲ. ಸಿಯಾಟಲ್‌ನ ರಸೆಲ್ ವಿಲ್ಸನ್ ಚೆಂಡು ಎಸೆದರು, ಅದು ತಮ್ಮವನ ಕೈ ಸೇರುವ ಮೊದಲೇ ಬಟ್ಲರ್ ನುಗ್ಗಿ ಹಿಡಿದುಬಿಟ್ಟ. ಎರಡು ವಾರದಲ್ಲಿ ಅವನ ಬಗ್ಗೆ ಒಂದು ಮಾತನ್ನೂ ನಾನು ಕೇಳಿರಲಿಲ್ಲ!

ಅದರ ಬದಲು ಎರಡೂ ತಂಡಗಳ ಹಿಂದಿನ ಪಂದ್ಯವನ್ನು ಪೂರ್ತಿ ಮತ್ತೊಮ್ಮೆ ನೋಡಿ. ಈ ಸಲ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ನೋಡಬೇಡಿ, ಅವನ ಮುಂದೆ ಗೋಡೆ ಥರ ನಿಲ್ಲುವ ಐದು ಜನರನ್ನು ನೋಡಿ. ಯಾರ ಹೆಜ್ಜೆ ತಡವಾಗುತ್ತಿದೆ, ಯಾರನ್ನು ಎದುರಾಳಿ ಸುಲಭವಾಗಿ ಹಿಂದಕ್ಕೆ ತಳ್ಳುತ್ತಿದ್ದಾನೆ ಅಂತ ಬರೆದಿಟ್ಟುಕೊಳ್ಳಿ. ಫೈನಲ್‌ನಲ್ಲಿ ಎದುರಾಳಿಗಳು ನುಗ್ಗಲು ನೋಡುವುದು ಅಲ್ಲಿಂದಲೇ.

ಪಂದ್ಯದ ದಿನ ಪಾರ್ಟಿಗೆ ಹೋಗಬೇಡಿ. ನಾನು ಹೋಗಿ ಅನುಭವಿಸಿದ್ದೇನೆ. ಜಾಹೀರಾತು ಬಂದಾಗ ಎಲ್ಲರೂ "ಶ್, ಸುಮ್ನಿರಿ" ಅಂತಾರೆ, ಮೂರನೇ ಡೌನ್‌ಗೆ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದಕ್ಕೆ) ಆಟಗಾರರು ಸಾಲು ನಿಂತಾಗ ಹರಟೆ ಶುರುವಾಗುತ್ತದೆ. ಅವತ್ತು ಒಂದು ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಗೆರೆ ದಾಟಿ ಅಂಕ ಬಂದದ್ದು, ನನಗೆ ಕಾಣಿಸಲೇ ಇಲ್ಲ, ಯಾರೋ ಟಿವಿಗೆ ಅಡ್ಡ ನಿಂತಿದ್ದರು. 2024ರಲ್ಲಿ 30 ಸೆಕೆಂಡಿನ ಒಂದು ಜಾಹೀರಾತಿಗೆ ಸುಮಾರು 70 ಲಕ್ಷ ಡಾಲರ್ ಇತ್ತು, ಹಾಗಾಗಿ ಅದೇ ದೊಡ್ಡ ಸುದ್ದಿ ಆಗುತ್ತದೆ. ಆಟಕ್ಕಾಗಿ ಕೂತವರಿಗೆ ಅದರಿಂದ ಏನು ಸಿಗುತ್ತದೆ ಹೇಳಿ?

ನನ್ನ ಉಪಾಯ ಇಷ್ಟೇ. ಪಂದ್ಯ ರೆಕಾರ್ಡ್ ಆಗಲು ಬಿಡಿ, ಒಂದೂವರೆ ಗಂಟೆ ತಡವಾಗಿ ನೋಡಲು ಕೂರಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ, ಇಲ್ಲದಿದ್ದರೆ ಯಾರಾದರೂ ಸ್ಕೋರ್ ಕಳಿಸಿಯೇ ಕಳಿಸುತ್ತಾರೆ. ಜಾಹೀರಾತು ಓಡಿಸಿಕೊಂಡು ಹೋಗಿ. ಹಾಫ್‌ಟೈಮ್ ಶೋ ಕೂಡ ಅಷ್ಟೇ. ಮಾಮೂಲಿ ಪಂದ್ಯದಲ್ಲಿ ಕಾಲು ಗಂಟೆಯೊಳಗೆ ಮುಗಿಯುವ ಬಿಡುವು ಇಲ್ಲಿ ಅರ್ಧ ಗಂಟೆಗೆ ಹಿಗ್ಗುತ್ತದೆ. ಬೆವರಿದ ಮೈ ತಣ್ಣಗಾಗುವವರೆಗೂ ಆಟಗಾರರು ಕಾಯಬೇಕು, ಇದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಆಟ ಒಂದು ಕಡೆಗೇ ವಾಲಿದರೂ ಎದ್ದು ಹೋಗಬೇಡಿ. 2014ರಲ್ಲಿ ಸಿಯಾಟಲ್ 43-8ರಿಂದ ಡೆನ್ವರ್ ಬ್ರಾಂಕೋಸ್ ತಂಡವನ್ನು ಸೋಲಿಸಿದಾಗ ಬಹಳ ಜನ ಸಪ್ಪೆ ಅಂದರು. ನಾನು ಸಿಯಾಟಲ್ ಡಿಫೆನ್ಸ್ ಒಂದನ್ನೇ ನೋಡುತ್ತಾ ಕೊನೆಯವರೆಗೂ ಕೂತಿದ್ದೆ. ಡೆನ್ವರ್‌ನವನು ಚೆಂಡು ಹಿಡಿದ ಮರುಕ್ಷಣವೇ ಇಬ್ಬರು ಮೂವರು ಬಂದು ಕೆಡವುತ್ತಿದ್ದರು. ಅಷ್ಟು ಚೆಂದದ ಟ್ಯಾಕ್ಲಿಂಗ್ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.