ಅಭಿವೃದ್ಧಿಗೆ ಅಂಕ ಹಾಕೋಕೆ ಹೋಗಿ ನಾನು ಪಟ್ಟ ಪಾಡು

ಕೆಲವು ಸಣ್ಣ ಪ್ರದೇಶಗಳ ಅಭಿವೃದ್ಧಿ ಅಳೆದು ಮೊದಲನೇ ಸಲ ರ‍್ಯಾಂಕಿಂಗ್ ಮಾಡ್ದಾಗ ಅತಿ ಹೆಚ್ಚು ನಿರುದ್ಯೋಗ ಇರೋ ಪ್ರದೇಶ ಎರಡನೇ ಸ್ಥಾನದಲ್ಲಿ ಬಂದು ಕೂತಿತ್ತು. ಅರ್ಧ ದಿನ ಅದಕ್ಕೆ ಕಾರಣ ಹುಡುಕ್ತಾ ಕೂತೆ, ಅಲ್ಲಿ ಶಿಕ್ಷಣ ಚೆನ್ನಾಗಿದೆಯೇನೋ, ಕಾಡು ಜಾಸ್ತಿ ಉಳ್ಕೊಂಡಿದೆಯೇನೋ ಅಂತ, ಆಮೇಲೆ ನೋಡಿದ್ರೆ ನಿರುದ್ಯೋಗದ ಕಾಲಂಗೆ ನಾನೇ ‘ಹೆಚ್ಚಿದ್ದಷ್ಟೂ ಒಳ್ಳೇದು’ ಅಂತ ಗುರುತು ಹಾಕಿಬಿಟ್ಟಿದ್ದೆ. ತಪ್ಪು ಯಾರ್ ಮಾಡಲ್ಲ ಬಿಡಿ, ಆದ್ರೆ ಆ ತಪ್ಪು ಉತ್ತರಕ್ಕೂ ಕಥೆ ಕಟ್ಟಿ ಮುಗಿಸಿದ್ದೆನಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನಾಚಿಕೆ ಆಗುತ್ತೆ.

ಕೆಲಸ ಇಷ್ಟೇ. 11 ಸಣ್ಣ ಪ್ರದೇಶಗಳು, ಯಾವುದರ ಆರ್ಥಿಕತೆ ಹೇಗಿದೆ, ಅದು ಬಾಳಿಕೆ ಬರೋ ಥರ ಬೆಳೀತಿದೆಯಾ ಅಂತ ಅಳೀಬೇಕು. ಆದಾಯ ಒಂದನ್ನೇ ಹಿಡ್ಕೊಂಡ್ರೆ ನೀರು, ಆರೋಗ್ಯ ಎಲ್ಲ ಬಿಟ್ಟುಹೋಗುತ್ತೆ, ಹಾಗಾಗಿ ಬಹು-ಮಾನದಂಡ ವಿಧಾನ, ಅಂದ್ರೆ ಹಲವು ಅಳತೆಗಳನ್ನ ಒಟ್ಟಿಗೆ ಇಟ್ಟು ಅಂಕ ಹಾಕೋದು. ಶುರುವಲ್ಲಿ ಆಸೆ ಜಾಸ್ತಿ ನೋಡಿ, 40 ಸೂಚಕ ಪಟ್ಟಿ ಮಾಡ್ಕೊಂಡಿದ್ದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 17 ಗುರಿ, 169 ಉಪಗುರಿ ಇದಾವೆ, ಅದನ್ನ ನೋಡಿ ಎಲ್ಲಾ ಸೇರಿಸ್ಬೇಕು ಅನ್ಸಿತ್ತು. ಆದ್ರೆ ಅವು ದೇಶಗಳ ಮಟ್ಟಕ್ಕೆ ಮಾಡಿದ್ದು, ಸಣ್ಣ ಪ್ರದೇಶಕ್ಕೆ ಇಳಿಸಿದ್ರೆ ಅರ್ಧಕ್ಕೆ ಡೇಟಾನೇ ಸಿಗಲ್ಲ. ಇನ್ನೊಂದು, ಮನೆ ಆದಾಯ, ವಾಹನ ಸಂಖ್ಯೆ, ಕರೆಂಟ್ ಬಳಕೆ ಮೂರೂ ಹಾಕಿದ್ರೆ ಮೂರು ಸೂಚಕ ಆಗಲ್ಲ, ಒಂದೇ ವಿಷಯಕ್ಕೆ ಮೂರು ಓಟು ಆಗುತ್ತೆ. ಪರಸ್ಪರ ಸಂಬಂಧ ನೋಡಿ ನೋಡಿ ಕಿತ್ತಾಕಿ ಕೊನೆಗೆ 14ಕ್ಕೆ ನಿಲ್ಲಿಸ್ದೆ.

ಇನ್ನು ತೂಕ, ಅಂದ್ರೆ ಯಾವುದಕ್ಕೆ ಎಷ್ಟು ಪ್ರಾಮುಖ್ಯತೆ ಅನ್ನೋದು. ನಿಜವಾದ ಜಗಳ ಇರೋದೇ ಇಲ್ಲಿ. ಥಾಮಸ್ ಸಾಟಿ ಅನ್ನೋರು 1970ರ ದಶಕದಲ್ಲಿ ರೂಪಿಸಿದ ಎ.ಎಚ್.ಪಿ. (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ಅನ್ನೋ ವಿಧಾನ ತಗೊಂಡೆ. ಎರಡೆರಡು ಮಾನದಂಡ ಪಕ್ಕಪಕ್ಕ ಇಟ್ಟು ಯಾವುದು ಎಷ್ಟು ಮುಖ್ಯ ಅಂತ 1ರಿಂದ 9ರ ಒಳಗೆ ಹೇಳಿಸೋದು. ಇಲ್ಲಿ ಪಕ್ಕಪಕ್ಕ ಇಟ್ಟಿದ್ದು ಆರ್ಥಿಕತೆ, ಸಮಾಜ, ಪರಿಸರ ಅನ್ನೋ ಮೂರು ಮಾನದಂಡ. ನಮ್ಮ ತಜ್ಞರ ಗುಂಪಲ್ಲಿ ಒಬ್ರು ಆರ್ಥಿಕತೆ ಸಮಾಜಕ್ಕಿಂತ 3 ಪಟ್ಟು ಮುಖ್ಯ ಅಂದ್ರು, ಸಮಾಜ ಪರಿಸರಕ್ಕಿಂತ 2 ಪಟ್ಟು ಅಂದ್ರು, ಸರಿ ಅಂತ ಬರ್ಕೊಂಡೆ, ಮೂರನೇ ಪ್ರಶ್ನೆಗೆ ಪರಿಸರ ಆರ್ಥಿಕತೆಗಿಂತ 2 ಪಟ್ಟು ಮುಖ್ಯ ಅಂದ್ಬಿಟ್ರು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಈ ಥರದ್ದನ್ನ ಹಿಡಿಯೋಕೇ ಈ ವಿಧಾನದಲ್ಲಿ ಸುಸಂಗತತೆ ಅನುಪಾತ ಅಂತ ಒಂದಿದೆ, 0.10ರ ಒಳಗಿದ್ರೆ ಓಕೆ ಅಂತ ರೂಢಿ. ಇವರದ್ದು ಲೆಕ್ಕ ಹಾಕಿದ್ರೆ 0.63 ಬಂತು!

ಸಾಫ್ಟ್‌ವೇರ್‌ಗಳಲ್ಲಿ ಇದನ್ನ ತಾನಾಗೇ ಸರಿಮಾಡೋ ಬಟನ್ ಇರುತ್ತೆ, ನಾನು ಒತ್ತಲಿಲ್ಲ, ಒತ್ತದೇ ಇದ್ದಿದ್ದೇ ಒಳ್ಳೇದಾಯ್ತು. ವಾಪಸ್ ಹೋಗಿ ಕೂತು ಮಾತಾಡಿದೆ. ಆಗ ಗೊತ್ತಾಯ್ತು, ಅವರು ಪರಿಸರ ಅಂದ್ರೆ ಮೊದಲೆರಡು ಪ್ರಶ್ನೆಲಿ ಗಿಡ ನೆಡೋದು, ಪಾರ್ಕು ಅಂದ್ಕೊಂಡಿದ್ರು, ಮೂರನೇದಕ್ಕೆ ಬರೋಷ್ಟರಲ್ಲಿ ಕುಡಿಯೋ ನೀರು ನೆನಪಾಗಿತ್ತು. ತಪ್ಪು ನಂದೇ, ‘ಪರಿಸರ’ ಅಂತ ಅಷ್ಟು ದೊಡ್ಡ ಪದ ಬರೆದಿಟ್ಟು ಒಳಗೆ ಏನೇನಿದೆ ಅಂತ ಹೇಳಿರಲಿಲ್ಲ. ನೀರನ್ನೇ ಮನಸಲ್ಲಿಟ್ಕೊಂಡು ಮತ್ತೆ ಉತ್ತರಿಸಿದ್ರು, ಆರ್ಥಿಕತೆ ಸಮಾಜಕ್ಕಿಂತ 2, ಪರಿಸರ ಆರ್ಥಿಕತೆಗಿಂತ 2, ಪರಿಸರ ಸಮಾಜಕ್ಕಿಂತ 3. ಅನುಪಾತ ಹತ್ತತ್ರ 0.01ಕ್ಕೆ ಇಳೀತು, ತೂಕ ಪರಿಸರಕ್ಕೆ 0.54, ಆರ್ಥಿಕತೆಗೆ 0.30, ಸಮಾಜಕ್ಕೆ 0.16. ಮನುಷ್ಯ ಅದೇ, ಒಂದು ಪದ ಬಿಡಿಸಿ ಹೇಳಿದ್ದಕ್ಕೆ ಇಷ್ಟು ವ್ಯತ್ಯಾಸ.

ಮನುಷ್ಯರ ಸಹವಾಸವೇ ಬೇಡ ಅಂತ ಎಂಟ್ರೊಪಿ ತೂಕಾನೂ ಹಾಕಿ ನೋಡ್ದೆ, ಅದು ಡೇಟಾದಿಂದಲೇ ತೂಕ ತೆಗೆಯುತ್ತೆ, ಯಾವ ಸೂಚಕ ಪ್ರದೇಶದಿಂದ ಪ್ರದೇಶಕ್ಕೆ ಜಾಸ್ತಿ ಏರುಪೇರಾಗುತ್ತೋ ಅದಕ್ಕೆ ಹೆಚ್ಚು. ಕೇಳೋಕೆ ಚೆಂದ. ಆದ್ರೆ ಶಾಲಾ ದಾಖಲಾತಿ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಇತ್ತು, ಅದಕ್ಕೆ ಸಿಕ್ಕಿದ್ದು ಸೊನ್ನೆ ಅನ್ನೋಷ್ಟು. ಪ್ರವಾಸಿಗರ ಸಂಖ್ಯೆ ಒಂದೆರಡು ಕಡೆ ಮಾತ್ರ ಸಿಕ್ಕಾಪಟ್ಟೆ ಇತ್ತು, ಅದು ಇಡೀ ಪಟ್ಟಿನೇ ಆಳೋಕೆ ಶುರು ಮಾಡ್ತು. ಮಕ್ಕಳು ಶಾಲೆಗೆ ಹೋಗೋದಕ್ಕಿಂತ ಪ್ರವಾಸಿಗರು ಬರೋದು ಮುಖ್ಯ ಅಂತ ಯಾರೂ ಹೇಳಿರಲಿಲ್ಲ, ಗಣಿತ ಹೇಳ್ತು. ಇದನ್ನ ‘ವಸ್ತುನಿಷ್ಠ ತೂಕ’ ಅಂತ ಕರೀತಾರೆ, ನಂಗಂತೂ ಆ ಹೆಸರು ಜೀರ್ಣ ಆಗಿಲ್ಲ.

ಆಮೇಲೆ 0ರಿಂದ 1ರ ಒಳಗಿನ ಅಂಕಗಳನ್ನ ಸೇರಿಸೋದು. ಒಂದು ಪ್ರದೇಶ, ಆದಾಯ 0.9, ಆರೋಗ್ಯ 0.8, ಅಂತರ್ಜಲ 0.1. ಇನ್ನೊಂದು 0.55, 0.6, 0.55. ಸಮಾನ ತೂಕದ ಸರಾಸರಿ ತಗೊಂಡ್ರೆ ಮೊದಲನೇದಕ್ಕೆ 0.60, ಎರಡನೇದಕ್ಕೆ 0.57, ಅಂದ್ರೆ ನೀರು ಬತ್ತಿಹೋಗ್ತಿರೋ ಜಾಗ ಗೆದ್ದುಬಿಡ್ತು. ಆದಾಯ ಬಂದು ನೀರಿನ ಸಾಲ ತೀರಿಸ್ದಂಗೆ. ಗುಣೋತ್ತರ ಸರಾಸರಿ (ಕೂಡೋ ಬದ್ಲು ಗುಣಿಸಿ ಮೂಲ ತೆಗೆಯೋದು) ತಗೊಂಡ್ರೆ ಅದೇ 0.42 ಮತ್ತು 0.57, ಉಲ್ಟಾ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದವರೂ 2010ರಲ್ಲಿ ಸಾದಾ ಸರಾಸರಿ ಬಿಟ್ಟು ಗುಣೋತ್ತರಕ್ಕೆ ಬಂದ್ರು. ನಾನು ಜೊತೆಗೆ ಎಲೆಕ್ಟ್ರೆ ಅನ್ನೋ ಇನ್ನೊಂದು ಬಹು-ಮಾನದಂಡ ವಿಧಾನದಿಂದ ವೀಟೋ ಅನ್ನೋ ಐಡಿಯಾ ಎರವಲು ತಗೊಂಡು, ಅಂತರ್ಜಲ ಇಂತಿಷ್ಟಕ್ಕಿಂತ ಕೆಳಗೆ ಹೋದ್ರೆ ಮೇಲಿನ ವರ್ಗಕ್ಕೆ ಬರೋ ಹಾಗೇ ಇಲ್ಲ ಅಂತ ಗೆರೆ ಎಳ್ದೆ.

ಟಾಪ್ಸಿಸ್ ಅನ್ನೋ ವಿಧಾನ ಕೂಡ ಬಳಸ್ದೆ, ಹ್ವಾಂಗ್ ಮತ್ತು ಯೂನ್ 1981ರಲ್ಲಿ ಕೊಟ್ಟಿದ್ದು, ಅತ್ಯುತ್ತಮ ಬಿಂದುವಿಗೆ ಎಷ್ಟು ಹತ್ರ, ಅತಿ ಕೆಟ್ಟ ಬಿಂದುವಿಂದ ಎಷ್ಟು ದೂರ ಅಂತ ನೋಡೋದು. ಒಂದು ಪ್ರದೇಶದ ಡೇಟಾ ಮೇಲೆ ಡೌಟ್ ಬಂದು ಅದನ್ನ ತೆಗೆದಾಕಿದೆ, ಅದು ಇದ್ದಿದ್ದು ಕೊನೇ ಸ್ಥಾನದಲ್ಲಿ, ಆದ್ರೂ ಮೇಲಿನ 4 ಮತ್ತು 5ನೇ ಸ್ಥಾನ ಅದಲು ಬದಲು! ಯಾಕಂದ್ರೆ ಆ ಬಿಂದುಗಳನ್ನ ಇರೋ ಪ್ರದೇಶಗಳಿಂದಲೇ ಕಟ್ಟೋದು, ಒಂದು ಹೋದ್ರೆ ಅಳತೆಗೋಲೇ ಜರುಗುತ್ತೆ. ಇನ್ನೂ ಒಂದು ತೊಂದ್ರೆ ಇದೆ, ಎಲ್ಲಾ ಪ್ರದೇಶಗಳೂ ಒಟ್ಟಿಗೆ ಕೆಡ್ತಾ ಬಂದ್ರೂ ಪ್ರತಿ ವರ್ಷ ಒಂದು ‘ಫಸ್ಟ್’ ಬರ್ತಾನೇ ಇರುತ್ತೆ. ಹಾಗಾಗಿ ಪ್ರತಿ ಸೂಚಕಕ್ಕೂ ಹೊರಗಿನಿಂದ ಗಟ್ಟಿಯಾದ ಕನಿಷ್ಠ, ಗರಿಷ್ಠ ಇಟ್ಕೊಂಡೆ, ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಜೀವಿತಾವಧಿಗೆ 20 ಮತ್ತು 85 ವರ್ಷ ಅಂತ ಇಡ್ತಾರಲ್ಲ ಹಂಗೆ.

ಕೊನೆಗೆ ತೂಕಗಳನ್ನ ಸ್ವಲ್ಪ ಸ್ವಲ್ಪ ಅಲುಗಾಡಿಸಿ ಸಾವಿರ ಸಲ ಓಡಿಸ್ದೆ. ಮೇಲಿನ ಎರಡು, ಕೆಳಗಿನ ಮೂರು ಅಲ್ಲಾಡಲಿಲ್ಲ, ಮಧ್ಯದವು ಮಾತ್ರ ಕುರ್ಚಿ ಆಟ ಆಡ್ತಿದ್ವು. ವರದಿಲಿ ಒಂದೊಂದು ನಂಬರ್ ಕೊಡೋ ಬದ್ಲು ವ್ಯಾಪ್ತಿ ಬರ್ದೆ. ಕೆಲಸ ಕೊಟ್ಟೋರು ಓದಿ, ಇದೆಲ್ಲ ಸರಿ ಸಾರ್, ನಮ್ಮದು ಎಷ್ಟನೇದು ಹೇಳಿ ಅಂದ್ರು. 4ರಿಂದ 7 ಅಂದೆ. ಹಂಗಾದ್ರೆ 4 ಅಂತ ಹಾಕ್ಕೊಳ್ಳೋಣ ಅಂದ್ರು.